ಖಲಾಸ್ ಅಂದವರು

ಅವರ ಕಾರಿನ ಡಿಕ್ಕಿಯಲ್ಲಿ ಒಂದು ಸಲಿಕೆ ಇರುತ್ತಿತ್ತು. ಹಿಡಿಗೆ ಹಸಿರು ಬಣ್ಣ ಬಳಿದದ್ದು, ಅಲಗು ಹೊಸ ಪಾತ್ರೆಯ ಹಾಗೆ ಹೊಳೆಯುವಂಥದ್ದು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮಲಗಿಸಿರುತ್ತಿದ್ದರು. ಕಾಲೇಜಿನಲ್ಲಿ ಗಿಡ ನೆಡುವ ಕಾರ್ಯಕ್ರಮ ಇದ್ದಾಗ ಅದು ಹೊರಗೆ ಬರುತ್ತಿತ್ತು. ಸರ್ ಅದನ್ನು ಹಿಡಿದು, ಸೊಂಟ ಬಗ್ಗಿಸಿ, ಮುಖ ಮಾತ್ರ ಕ್ಯಾಮೆರಾದ ಕಡೆಗೆ ಎತ್ತಿ ನಿಲ್ಲುತ್ತಿದ್ದರು. ಫೋಟೋ ಆದ ಮೇಲೆ ಸಲಿಕೆ ಮತ್ತೆ ಬೆಡ್‌ಶೀಟಿನೊಳಗೆ. ಹೊಂಡ ತೋಡಲು ನಮಗೆ ಬೇರೆ ಸಲಿಕೆಗಳಿದ್ದವು. ಒಮ್ಮೆ ನಾನು ತಿಳಿಯದೆ ಇದಕ್ಕೇ ಕೈ ಹಾಕಿದೆ. "ಅದು ಬೇಡ ಮಾರಾಯ್ತಿ, ಅದಕ್ಕೆ ಮಣ್ಣಾಗ್ತದೆ" ಎಂದರು. ತಮಾಷೆಗೆ ಹೇಳಿದ್ದಲ್ಲ.

ಸರ್ ಈಗ ಕುವೈತ್ ಬಿಟ್ಟು ಊರಿಗೆ ಹೊರಟಿದ್ದಾರೆ. ಕಾಲೇಜಿನ ಕೆಲಸ ಮುಗಿಯಿತು, ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಇನ್ನು ನವೀಕರಿಸುವುದಿಲ್ಲವಂತೆ. ನಮ್ಮ ಕನ್ನಡ ಸಂಘ ಅವರಿಗೆ ಬೀಳ್ಕೊಡುಗೆ ಇಟ್ಟುಕೊಂಡಿದೆ, ಜೊತೆಗೆ ಒಂದು ಸ್ಮರಣ ಸಂಚಿಕೆ. ಸಂಚಿಕೆಯ ಹೊಣೆ ಫಿಲೋ ಆಂಟಿಯದು. ಆಂಟಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಮನೆಯಲ್ಲಿ ಕೊಂಕಣಿ, ಸಂಘದಲ್ಲಿ ಕನ್ನಡ, ರೋಗಿಗಳ ಹತ್ತಿರ ಅರಬ್ಬಿ, ಮೂರರಲ್ಲೂ ಒಂದೇ ಗದರು.

"ಸರ್ ಬಗ್ಗೆ ನೀನೇ ಬರಿ ಬಾಯೆ" ಎಂದು ಫೋನ್ ಮಾಡಿದರು. "ಈಗಿನ ಮಕ್ಕಳಲ್ಲಿ ಕನ್ನಡ ಬರೆಯುವವಳು ನೀನೊಬ್ಬಳು. ಮತ್ತೆ ನೀನು ಅವರ ಫೇವರಿಟ್ ಸ್ಟೂಡೆಂಟ್ ಅಲ್ವಾ? ಎಲ್ಲಾ ಪ್ರೋಗ್ರಾಮಲ್ಲೂ ನಿನ್ನ ಕಥೆ ಹೇಳ್ತಾರೆ."

"ಹೇಳ್ತಾರೆ."

"ಹಾಂ, ಅದೇ. ಓದಿದವರ ಕಣ್ಣಲ್ಲಿ ನೀರು ಬರ್ಬೇಕು ನೋಡು."

"ಬರಬಹುದು ಆಂಟಿ" ಎಂದೆ.

ಒಂದು ವಾಕ್ಯವನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು: ನಾನು ಅವರನ್ನು ಕ್ಷಮಿಸಿಲ್ಲ. ಈ ಬರಹದ ಕೊನೆಯಲ್ಲಿ ಕ್ಷಮಿಸುತ್ತೇನೆ ಎಂದು ಯಾರೂ ಕಾಯಬೇಡಿ. ಆದರೆ ಅವರನ್ನು ಬಹುವಚನದಲ್ಲಿಯೇ ಕರೆಯುತ್ತೇನೆ. ಮನಸ್ಸಿನಲ್ಲಿ ಬೈಯುವಾಗಲೂ ಬಹುವಚನ ಬಿಟ್ಟಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಅದನ್ನು ಅವರಿಂದಲೇ ಕಲಿತೆ. ಕಾಲೇಜಿನಲ್ಲಿ ಯಾವ ವಿದ್ಯಾರ್ಥಿ ಏನು ಮಾಡಿದರೂ ಅವರು ಡೀನ್ ಎದುರು ಹೇಳುತ್ತಿದ್ದದ್ದು "ನಮ್ಮ ಮಕ್ಕಳು ಮಾಡಿದ್ದು" ಎಂದು. ಹಳೆಯ ಪೇಪರ್ ಒಟ್ಟು ಮಾಡಿದವರು, ಕ್ಯಾಂಟೀನಿನ ಪ್ಲಾಸ್ಟಿಕ್ ಚಮಚ ನಿಲ್ಲಿಸಿದವರು, ಬಿಸಿಲಲ್ಲಿ ಪೈಪು ಎಳೆದವರು, ಎಲ್ಲರೂ ನಮ್ಮ ಮಕ್ಕಳು. ಕೇಳುವವರಿಗೆ ಅದು ಪ್ರೀತಿಯಂತೆ ಕೇಳಿಸುತ್ತಿತ್ತು. ಎಷ್ಟೋ ಸಮಯದ ನಂತರ ನನಗೆ ಹೊಳೆಯಿತು, ಆ ಮಾತಿನಲ್ಲಿ ಉಳಿಯುವ ಹೆಸರು 'ನಮ್ಮ' ಎಂದವರದು ಮಾತ್ರ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಅವರು ಸಹಾಯ ಮಾಡುವ ಮನುಷ್ಯ. ಊರಿಂದ ಹೊಸದಾಗಿ ಬಂದವರಿಗೆ ರೂಮು ಹುಡುಕಿಕೊಟ್ಟಿದ್ದಾರೆ. ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಬೆಳ್ತಂಗಡಿ ಕಡೆಯ ಒಬ್ಬರು ಹೃದಯಾಘಾತದಿಂದ ತೀರಿಕೊಂಡಾಗ, ಅವರನ್ನು ಕೆಲಸಕ್ಕೆ ತರಿಸಿಕೊಂಡಿದ್ದ ಕಫೀಲನ ಮನೆಗೂ ರಾಯಭಾರ ಕಚೇರಿಗೂ ಓಡಾಡಿ ದೇಹವನ್ನು ಊರಿಗೆ ಕಳಿಸಿದವರು ಇವರೇ. ಅಮ್ಮನಿಗೆ ಹೊಟ್ಟೆನೋವು ಬಂದು ಅಪ್ಪ ರಿಫೈನರಿಯಲ್ಲಿ ಶಿಫ್ಟಿನಲ್ಲಿದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಇವರ ಕಾರಿನಲ್ಲಿ. ಎಲ್ಲಿಗೆ ಹೋದರೂ ತಮ್ಮ ಸ್ಟೀಲ್ ಲೋಟ ಜೊತೆಗೆ ಒಯ್ಯುತ್ತಿದ್ದರು. ಸಂಘದ ಕಾರ್ಯಕ್ರಮದಲ್ಲಿ ಯಾರಾದರೂ ಪೇಪರ್ ಕಪ್ ಕೊಟ್ಟರೆ ಲೋಟ ಮುಂದೆ ಹಿಡಿದು, "ಭೂಮಿ ನೋಡ್ತಾ ಉಂಟು ಮಾರಾಯ" ಎನ್ನುತ್ತಿದ್ದರು. ಆ ಲೋಟ ನಾಟಕವಲ್ಲ. ಕ್ಯಾಮೆರಾ ಇಲ್ಲದಾಗಲೂ ಅದರಲ್ಲೇ ಕುಡಿಯುತ್ತಿದ್ದರು, ನಾನು ನೋಡಿದ್ದೇನೆ.

ಹಾಗಾಗಿ ಅವರು ಕೆಟ್ಟವರೆಂದು ಸಾಬೀತು ಮಾಡುವ ಉದ್ದೇಶ ನನಗಿಲ್ಲ. ಅವರು ಹೇಳಿದ ಒಂದು ಪದವನ್ನು ನನ್ನ ಬಾಯಿಂದ ತೆಗೆದು ಅವರ ಬಾಯಿಗೆ ವಾಪಸ್ ಹಾಕಬೇಕಾಗಿದೆ, ಅಷ್ಟೇ.

ನಾನು ಮೆಲ್ಲಗೆ ಮಾತಾಡುವವಳು. ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಪಕ್ಕದಲ್ಲಿ ಕೂತ ನೂರಾಳಿಗೆ ಮಾತ್ರ ಕೇಳುವ ಹಾಗೆ ಹೇಳುತ್ತಿದ್ದೆ. ನೂರಾ ಸಿರಿಯಾದ ಹುಡುಗಿ. ಅವಳು ಕೈಯೆತ್ತಿ ನನ್ನ ಉತ್ತರವನ್ನು ಹೇಳಿಬಿಡುತ್ತಿದ್ದಳು, ಆಮೇಲೆ ಕ್ಯಾಂಟೀನಿನಲ್ಲಿ ನನಗೆ ಚಹಾ ಕೊಡಿಸುತ್ತಿದ್ದಳು. ಸರ್ ನಮಗೆ ಪರಿಸರ ವಿಜ್ಞಾನ ಕಲಿಸುತ್ತಿದ್ದರು, ವಿದ್ಯಾರ್ಥಿಗಳ ಸ್ವಯಂಸೇವಾ ತಂಡವೂ ಅವರದೇ ಸುಪರ್ದಿಯಲ್ಲಿತ್ತು. ಒಂದು ದಿನ, "ಪೋಸ್ಟರ್ ಬಿಟ್ಟು ಬೇರೆ ಏನಾದರೂ ಯೋಚನೆ ಇದ್ದವರು ಹೇಳಿ" ಎಂದರು. ಅಬು ಹಲೀಫಾದ ನಮ್ಮ ಫ್ಲಾಟಿನಲ್ಲಿ ಅಮ್ಮ ಎ.ಸಿ.ಯ ಪೈಪಿನ ಕೆಳಗೆ ಬಕೆಟ್ ಇಟ್ಟು, ಆ ನೀರಿನಲ್ಲಿ ಬಾಲ್ಕನಿಯ ತುಳಸಿ, ಬಸಳೆ ಬೆಳೆಸುತ್ತಾಳೆ. ಕಾಲೇಜಿನ ತುಂಬ ಎ.ಸಿ.ಗಳು, ಅವುಗಳ ನೀರೆಲ್ಲ ಗೋಡೆಗುಂಟ ಇಳಿದು ಮರಳಿಗೆ ಹೋಗುತ್ತಿತ್ತು. ಅದನ್ನು ಹಿಡಿದು ಗಿಡ ಬೆಳೆಸಬಹುದು ಎಂದು ನಾನು ನೂರಾಳಿಗೆ ಹೇಳಿದೆ. ಆ ದಿನ ಯಾಕೋ ಸರ್ ಕಿವಿಗೂ ಬಿತ್ತು.

"ಏನಂದಿ? ಮತ್ತೆ ಹೇಳು."

ಮತ್ತೆ ಹೇಳಿದೆ. ಅವರು ಇಡೀ ತರಗತಿಗೆ ಕೇಳುವ ಹಾಗೆ ಅದನ್ನು ತಿರುಗಿ ಹೇಳಿದರು, ಒಂದು ಪದವೂ ಬದಲಿಸದೆ. ನಂತರ ನನಗೆ ಮಾತ್ರ ಕನ್ನಡದಲ್ಲಿ, "ಶಹಬ್ಬಾಸ್ ಮಾರಾಯ್ತಿ. ಮಿಕ್ಕವರು ಪೋಸ್ಟರ್ ಮಾಡಲಿ, ನೀನು ನೀರು ಮಾಡು" ಎಂದರು. ನನ್ನ ಮಾತನ್ನು ಮನೆಯ ಹೊರಗೆ ಯಾರೋ ಜೋರಾಗಿ ತಿರುಗಿ ಹೇಳಿದ್ದು ಅದೇ ಮೊದಲು. ಮನೆಗೆ ಹೋಗುವ ಬಸ್ಸಿನಲ್ಲಿ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಆ ಸಂತೋಷ ಸುಳ್ಳಲ್ಲ. ನನ್ನ ಮಾತನ್ನು ನನ್ನ ದನಿಗಿಂತ ಚೆನ್ನಾಗಿ ಹೇಳುವ ಒಬ್ಬರು ಸಿಕ್ಕಿದ್ದಾರೆ ಎಂದುಕೊಂಡೆ. ನಾನು ಹೇಳದೇ ಇದ್ದದ್ದನ್ನೂ ಅವರು ಅಷ್ಟೇ ಚೆನ್ನಾಗಿ ಹೇಳಬಲ್ಲರೆಂದು ಆಗ ತಿಳಿದಿರಲಿಲ್ಲ.

ಕ್ಯಾಂಟೀನಿನ ಹಿಂದೆ ಗೋಡೆಗೂ ಪಾರ್ಕಿಂಗಿಗೂ ನಡುವೆ ಒಂದು ಮರಳಿನ ಪಟ್ಟಿ ಇತ್ತು. ಕಾಲೇಜಿನವರು ಅದನ್ನು ನಮಗೆ ಕೊಟ್ಟರು. ಎ.ಸಿ.ಗಳಿಗೆ ಪೈಪು ಜೋಡಿಸಿ ನೀಲಿ ಡ್ರಮ್ಮುಗಳಿಗೆ ಇಳಿಸಿದೆವು. ಸಮುದ್ರದ ಕಡೆಯಿಂದ ತೇವದ ಗಾಳಿ ಬಂದ ದಿನ ಡ್ರಮ್ಮು ತುಂಬಿ ಚೆಲ್ಲುತ್ತಿತ್ತು. ಮರುಭೂಮಿಯ ಒಣ ಗಾಳಿ ಎದ್ದ ದಿನ ತಳದಲ್ಲಿ ಒಂದು ಚೊಂಬು ನೀರೂ ಇರುತ್ತಿರಲಿಲ್ಲ. ಇಲ್ಲಿನ ಬಿಸಿಲಿಗೆ ನಿಲ್ಲುವ ಮರ ಬೇಕು ಎಂದು ನೂರಾ ಸಿದರ್ ಹಣ್ಣಿನ ಬೀಜ ತಂದಳು. ಸಿದರ್ ಎಂದರೆ ನಮ್ಮ ಬೋರೆಯ ಜಾತಿಯದೇ, ಅದೇ ಹುಳಿ ಸಿಹಿ, ಅದೇ ಮುಳ್ಳು. ಬೀಜ ಒಡೆದು, ಮೊಳಕೆ ಬರಿಸಿ, ಬೇಸಿಗೆಯೆಲ್ಲ ನೆರಳಲ್ಲಿಟ್ಟು, ತಣ್ಣಗಾದ ಮೇಲೆ ನೆಲಕ್ಕೆ ಇಳಿಸಿದೆವು. ಮೊಣಕಾಲೆತ್ತರ ಬಂದವು. ಎಲೆಗಳು ಬೆರಳಿನ ಉಗುರಿನಷ್ಟು. ನಾನು ದಿನಾ ತರಗತಿಗೆ ಮೊದಲು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಹೇಳಿಕೊಳ್ಳುವಂಥ ಕೆಲಸವೇನೂ ಮಾಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದೆ.

ಅಲ್ಲಿ ನೀರು ಬಿಡುತ್ತಿದ್ದವರು ಆಲಂ ಭಾಯಿ, ತೋಟದ ಕೆಲಸದ ಕಂಪನಿಯ ಮನುಷ್ಯ, ಬಾಂಗ್ಲಾದವರು. ಕುವೈತಿಗೆ ಬಂದು ಹೆಚ್ಚು ಸಮಯವಾಗಿರಲಿಲ್ಲ, ಬಂಗಾಳಿ ಬಿಟ್ಟರೆ ಹಿಂದಿ ಮಾತ್ರ ಬರುತ್ತಿತ್ತು. ಅವರಿಗೊಂದು ಅಭ್ಯಾಸ: ಎಲ್ಲರಿಗೂ 'ಸರ್' ಎನ್ನುವುದು. ನನಗೆ "ಗುಡ್ ಮಾರ್ನಿಂಗ್ ಸರ್", ನೂರಾಳಿಗೆ "ಪಾನಿ ದಿಯಾ ಸರ್". ಮೊದಮೊದಲು ನೂರಾ ಮೀಸೆ ತಿರುವುವ ಹಾಗೆ ಮಾಡಿ ನಗಿಸುತ್ತಿದ್ದಳು. ಆ ನಗುವಿಗೆ ಮುಂದೆ ಏನಾಗಲಿದೆ ಎಂದು ನಮಗೆ ಗೊತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಕಾಲೇಜಿನ ಹಸಿರು ಕೆಲಸಗಳನ್ನು ನೋಡಲು ಹೊರಗಿನ ತೀರ್ಪುಗಾರರು ಬರುವವರಿದ್ದರು. ಅವರು ನೋಡಬೇಕಾದದ್ದು ನಮ್ಮ ಸಿದರ್ ಪಟ್ಟಿಯನ್ನೇ. ಆದರೆ ಸರ್‌ಗೆ ಗೇಟಿನಲ್ಲಿ ಬಣ್ಣ ಬೇಕೆನಿಸಿತು. ಒಂದು ಲಾರಿ ಪೆಟೂನಿಯಾ ತರಿಸಿದರು, ರಸ್ತೆಯ ವೃತ್ತಗಳಲ್ಲಿ ಚಳಿಗಾಲಕ್ಕೆ ನೆಡುತ್ತಾರಲ್ಲ, ಅದೇ ನೇರಳೆ ಬಿಳಿ ಹೂವು. ಅವನ್ನು ಗೇಟಿನ ಬಳಿ ನೆಡಲು ಆಲಂ ಭಾಯಿಯನ್ನು ಕರೆಯಬೇಕಿತ್ತು.

ನಾನು ಆಗ ಸರ್ ಪಕ್ಕದಲ್ಲೇ, ಕ್ಯಾಂಟೀನಿನ ಕೌಂಟರಿನ ಎದುರು ನಿಂತಿದ್ದೆ. ತೀರ್ಪುಗಾರರ ಎದುರು ಏನು ಹೇಳಬೇಕೆಂದು ಕೇಳಲು ಹೋಗಿದ್ದೆ. ಅವರ ಒಂದು ಕೈಯಲ್ಲಿ ಸ್ಟೀಲ್ ಲೋಟ, ಇನ್ನೊಂದರಲ್ಲಿ ಫೋನು. ಫೋನು ಬಡಿದುಕೊಂಡಿತು. ಆಲಂ ಭಾಯಿ. ಆ ಕಡೆಯ ಮಾತು ಪೂರ್ತಿ ಕೇಳಲಿಲ್ಲ, ಹಿಂದಿನ ಗಿಡಗಳ ವಿಷಯ ಏನೋ ಕೇಳುತ್ತಿದ್ದರು. ಸರ್ ಹೇಳಿದ್ದು ಇಷ್ಟು:

"ಅರೇ ಭಾಯಿ, ಪೀಛೇ ಕಾ ಖಲಾಸ್! ಖಲಾಸ್ ಕರೋ, ಯಲ್ಲಾ, ಆಗೇ ಆವೋ!"

ಆಮೇಲೆ ನನ್ನ ಕಡೆ ತಿರುಗಿ, "ಈ ಭಾಯಿಗೆ ಒಂದು ಕೆಲಸ ನಾಲ್ಕು ಸಲ ಹೇಳ್ಬೇಕು" ಎಂದು ನಕ್ಕರು.

ಕುವೈತಿನಲ್ಲಿ ಇರುವವರಿಗೆ ಈ ಪದವನ್ನು ವಿವರಿಸಬೇಕಿಲ್ಲ, ಆದರೆ ಈ ಸಂಚಿಕೆ ಊರಿಗೂ ಹೋಗುತ್ತದೆ. ಇಲ್ಲಿ ಖಲಾಸ್ ಎಂದರೆ ಮುಗಿಯಿತು, ಆಯ್ತು, ಸಾಕು, ಬಿಡು. ಟ್ಯಾಕ್ಸಿ ಇಳಿಯುವಾಗ, ಫೋನು ಇಡುವಾಗ, ಜಗಳ ನಿಲ್ಲಿಸುವಾಗ ಎಲ್ಲಕ್ಕೂ ಒಂದೇ ಖಲಾಸ್. ಸರ್ ಹೇಳಿದ್ದರ ಅರ್ಥ, ಹಿಂದಿನ ಕೆಲಸ ಅಲ್ಲಿಗೆ ಸಾಕು ಮಾಡು, ಮುಂದೆ ಬಾ ಎಂದು. ಆದರೆ ಹಿಂದಿಯಲ್ಲೂ ನಮ್ಮಲ್ಲೂ ಖಲಾಸ್ ಮಾಡು ಎಂದರೆ ಮುಗಿಸಿಬಿಡು, ಇಲ್ಲದಂತೆ ಮಾಡು ಎಂದು. ಸರ್ ಗಲ್ಫಿನ ಪದ ಹೇಳಿದರು, ಆಲಂ ಭಾಯಿಗೆ ಹಿಂದಿಯ ಪದ ಕೇಳಿಸಿತು. ಯಲ್ಲಾ ಎಂದದ್ದರಿಂದ ಬೇಗ ಬೇಗ ಮುಗಿಸಿ, ಹೇಳಿದ ಹಾಗೆ ಮುಂದೆ ಬಂದರು.

ನಾನು ಮಧ್ಯಾಹ್ನದ ತರಗತಿ ಮುಗಿಸಿ ಹಿಂದೆ ಹೋದಾಗ ಪಟ್ಟಿ ಬೋಳಾಗಿತ್ತು. ಮರಳನ್ನು ನೀಟಾಗಿ ಸಮ ಮಾಡಿದ್ದರು. ಗಿಡಗಳು ಗೋಡೆಯ ಬುಡದಲ್ಲಿ ರಾಶಿ ಬಿದ್ದಿದ್ದವು, ಬೇರುಗಳು ಬಿಸಿಲಿಗೆ ಆಗಲೇ ಒಣಗಿ ನೂಲಿನಂತಾಗಿದ್ದವು. ನೂರಾ ಅಲ್ಲೇ ಕೂತು ಅತ್ತಳು. ನನಗೆ ಅಳು ಬರಲಿಲ್ಲ. ರಾಶಿಯ ಅಡಿಯಲ್ಲಿ ಇನ್ನೂ ಹಸಿಯಿದ್ದ ಒಂದು ಗಿಡವನ್ನು ಒದ್ದೆ ಶಾಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಇಲ್ಲಿಯವರೆಗೆ ನನಗೆ ಸರ್ ಮೇಲೆ ಸಿಟ್ಟಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಎರಡು ಭಾಷೆಗಳ ನಡುವೆ ಬಾಯಿ ತಪ್ಪಿದ್ದು. ಇಂಥದ್ದು ಇಲ್ಲಿ ದಿನಾ ಆಗುತ್ತದೆ. "ಅಯ್ಯೋ, ನಾನು ಹೇಳಿದ್ದು ಅವನಿಗೆ ಬೇರೆ ಕೇಳಿಸಿತು ಮಕ್ಕಳೇ" ಎಂದು ಅವರು ಹೇಳಿದ್ದರೆ, ಮತ್ತೆ ಬೀಜ ಒಡೆಯಲು ನಾನೇ ಮೊದಲು ಕೂರುತ್ತಿದ್ದೆ.

ಮರುದಿನ ಡೀನ್ ಕೋಣೆಗೆ ಕರೆದರು. ಸರ್, ನಾನು, ನೂರಾ, ಆಲಂ ಭಾಯಿ ಮತ್ತು ಅವರ ಸೂಪರ್‌ವೈಸರ್. ಗಿಡ ಕೀಳಲು ಹೇಳಿದ್ದು ಯಾರು ಎಂದು ಡೀನ್ ಕೇಳಿದರು. ಸೂಪರ್‌ವೈಸರ್ ಹಿಂದಿಯಲ್ಲಿ ಆಲಂ ಭಾಯಿಗೆ ಕೇಳಿದ. ಆಲಂ ಭಾಯಿ ಕೈಕಟ್ಟಿ, "ಸರ್ ಬೋಲಾ. ಖಲಾಸ್ ಕರೋ ಬೋಲಾ" ಎಂದರು.

ಒಂದು ಕ್ಷಣ ಎಲ್ಲರೂ ಸರ್ ಕಡೆ ನೋಡಿದರು. ಅವರ ಮುಖದಲ್ಲಿ ಆಗ ಏನೋ ಹುಡುಕಾಟ ನಡೆದದ್ದನ್ನು ನಾನು ಕಂಡೆ. ಸಭೆಯಲ್ಲಿ ಭಾಷಣ ಮರೆತವರ ಮುಖದಲ್ಲಿ ಕಾಣುತ್ತದಲ್ಲ, ಹಾಗೆ. ಆಮೇಲೆ ಸಿಕ್ಕಿತು. ಮೆಲ್ಲಗೆ ನಕ್ಕರು.

"ಇವನು ಎಲ್ಲರಿಗೂ ಸರ್ ಅಂತಾನೆ" ಎಂದರು ಇಂಗ್ಲಿಷಿನಲ್ಲಿ. "ಈ ಹುಡುಗಿಯರಿಗೂ ಸರ್. ಬೇಕಾದರೆ ಕೇಳಿ."

ಡೀನ್ ನೂರಾಳ ಕಡೆ ನೋಡಿದರು. ಅವಳು ಸುಳ್ಳು ಹೇಳುವವಳಲ್ಲ. ಹೌದು ಎಂದಳು. ಸೂಪರ್‌ವೈಸರ್‌ಗೆ ನಗು ಬಂತು, ಡೀನ್‌ಗೂ ಬಂತು.

ನಾನು ಹೇಳಿದೆ. ಈ ಬರಹದಲ್ಲಿ ಇದನ್ನು ಸ್ಪಷ್ಟವಾಗಿ ದಾಖಲಿಸಬೇಕು: ನಾನು ಸುಮ್ಮನಿರಲಿಲ್ಲ. "ಫೋನಿನಲ್ಲಿ ಹೇಳಿದ್ದು ಈ ಸರ್ ಅವರೇ. ನಾನು ಪಕ್ಕದಲ್ಲಿ ನಿಂತಿದ್ದೆ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

ಸರ್ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅವಳಿಗೆ ತುಂಬ ನೋವಾಗಿದೆ. ಅವಳೇ ಬೆಳೆಸಿದ್ದಲ್ವಾ. ಹೂವಿನ ಕೆಲಸಕ್ಕೆ ಬೇಗ ಬಾ ಅಂತ ಅವನಿಗೆ ಏನೋ ಹೇಳಿರ್ತಾಳೆ, ಈಗ ಹೆದರಿದ್ದಾಳೆ. ಅವಳನ್ನು ಏನೂ ಅನ್ನಬೇಡಿ. ನಮ್ಮ ಮಕ್ಕಳು ತಪ್ಪು ಮಾಡಿದರೆ ಅದು ನನ್ನ ತಪ್ಪು. ಜವಾಬ್ದಾರಿ ನನ್ನದು."

ಎಷ್ಟು ಅಚ್ಚುಕಟ್ಟಾದ ಕೆಲಸ! ಜವಾಬ್ದಾರಿ ತಾವು ತೆಗೆದುಕೊಂಡರು, ತಪ್ಪು ನನ್ನ ಹತ್ತಿರ ಬಿಟ್ಟರು. ಡೀನ್ ಎದ್ದು ಅವರ ಕೈ ಕುಲುಕಿದರು. ಇಂಥ ಶಿಕ್ಷಕರು ಅಪರೂಪ ಎಂದರು. ಹೊರಗೆ ಬಂದ ಮೇಲೆ ಸರ್ ನನ್ನ ತಲೆ ಸವರಿ ಕನ್ನಡದಲ್ಲಿ, "ಆಯ್ತು, ಬಿಡು ಮಗಾ. ಖಲಾಸ್" ಎಂದರು.

ಆಲಂ ಭಾಯಿಯನ್ನು ಕಂಪನಿ ದೂರದ ಯಾವುದೋ ಸೈಟಿಗೆ ಹಾಕಿತು. ಪರೀಕ್ಷೆ ಹತ್ತಿರ ಬಂತು, ವಿಶ್ರಾಂತಿ ತಗೊಳ್ಳಲಿ ಎಂಬ ಕಾರಣಕ್ಕೆ ತಂಡದ ಮುಂದಾಳುತನದಿಂದ ನನ್ನನ್ನು ಬಿಡಿಸಿದರು. ತೀರ್ಪುಗಾರರು ಬಂದರು, ಪೆಟೂನಿಯಾ ನೋಡಿದರು, ಸಿದರ್ ಗಿಡದ ಫೋಟೋ ನೋಡಿದರು, ಫಲಕ ಕೊಟ್ಟರು. ಆ ಫಲಕದ ಪಕ್ಕ ಸರ್ ಕೋಣೆಯಲ್ಲಿ ತೂಗುಹಾಕಿದ ಚಿತ್ರವನ್ನು ನೀವು ನೋಡಿರಬಹುದು: ಸೊಂಟ ಬಗ್ಗಿಸಿ, ಹೊಳೆಯುವ ಸಲಿಕೆ ಹಿಡಿದು, ಒಂದು ಪುಟ್ಟ ಗಿಡದ ಮೇಲೆ ಬಾಗಿದ ಸರ್. ಆ ಗಿಡ ನೆಟ್ಟದ್ದು ನೂರಾ.

ಇಲ್ಲಿಗೇ ನಿಂತಿದ್ದರೂ ನಾನು ಈ ಬರಹ ಬರೆಯುತ್ತಿರಲಿಲ್ಲವೇನೋ. ಆದರೆ ಸರ್ ಒಳ್ಳೆಯ ಮಾತುಗಾರರು. ಕಥೆಯೊಂದು ಕೈಗೆ ಸಿಕ್ಕರೆ ಬಿಡುವವರಲ್ಲ. ಮುಂದಿನ ಸಂಘದ ಪಿಕ್ನಿಕ್ಕಿನಲ್ಲಿ ಮೈಕ್ ಹಿಡಿದು, "ನಮ್ಮ ಒಬ್ಬಳು ಸ್ಟೂಡೆಂಟ್ ಉಂಟು, ಅರಬ್ಬಿ ಪಂಡಿತೆ" ಎಂದು ಶುರು ಮಾಡಿದರು. ನನ್ನ ದನಿಯನ್ನು ಅನುಕರಿಸಿದರು: ಮೂಗಿನಲ್ಲಿ, ಇಲಿಮರಿಯ ಹಾಗೆ, "ಭಾಯೀ... ಖಲಾಸ್ ಕರೋ ಭಾಯೀ..." ಜನ ಬಿದ್ದು ಬಿದ್ದು ನಕ್ಕರು. ನಾನು ಅಲ್ಲೇ ಚಾಪೆಯ ಮೇಲೆ ಅಮ್ಮನ ಜೊತೆ ಕೂತು ಕೋರಿ ರೊಟ್ಟಿ ತಿನ್ನುತ್ತಿದ್ದೆ.

ನಾನು ಶಾಲೆಯಲ್ಲಿ ಅರಬ್ಬಿ ಓದಿದವಳು. ನೂರಾಳ ಮನೆಯಲ್ಲಿ ಅವಳ ಅಜ್ಜಿಯೊಂದಿಗೆ ಅರಬ್ಬಿಯಲ್ಲಿಯೇ ಮಾತಾಡುತ್ತೇನೆ. ಸರ್‌ಗೆ ಬರುವ ಅರಬ್ಬಿ ಖಲಾಸ್, ಯಲ್ಲಾ ಮತ್ತು ಇನ್ನೊಂದೆರಡು. ಆದರೆ ಇದನ್ನು ಹೇಳುವುದು ಯಾರಿಗೆ?

ಕಥೆ ಬೆಳೆಯಿತು. ನವೆಂಬರಿನ ಕಾರ್ಯಕ್ರಮದ ಹೊತ್ತಿಗೆ ಗಿಡಗಳು ಮರಗಳಾದವು. ಇನ್ನೊಂದು ವರ್ಷ ಆಲಂ ಭಾಯಿ ಕತ್ತಿ ಹಿಡಿದು ಬಂದರು. ಮತ್ತೊಂದರಲ್ಲಿ ತೀರ್ಪುಗಾರರು ಗೇಟಿಗೆ ಬಂದ ಕ್ಷಣಕ್ಕೇ ಗಿಡ ಕೀಳುತ್ತಿದ್ದರು, ಸರ್ ಓಡಿ ಹೋಗಿ ಅಡ್ಡ ನಿಂತರು. ಬದಲಾಗದೆ ಉಳಿದದ್ದು ಇಲಿಮರಿಯ ದನಿ ಒಂದೇ. ಕೊನೆಯಲ್ಲಿ ನನ್ನ ಕಡೆ ಕೈ ತೋರಿಸಿ, "ಈಗ ನೋಡಿ ಎಷ್ಟು ಜಾಣೆಯಾಗಿದ್ದಾಳೆ! ಒಂದು ಚಪ್ಪಾಳೆ ಬರಲಿ" ಎನ್ನುತ್ತಿದ್ದರು. ಚಪ್ಪಾಳೆ ಬರುತ್ತಿತ್ತು.

ಒಮ್ಮೆ ನಾನು ಕೂತಲ್ಲಿಂದಲೇ, "ಸರ್, ಅದು ನಾನಲ್ಲ. ಹೇಳಿದ್ದು ನೀವು" ಎಂದೆ. ಮೈಕ್ ಇಲ್ಲದೆಯೂ ಮುಂದಿನ ಸಾಲುಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಸರ್ ಎರಡೂ ಕೈ ಮೇಲೆತ್ತಿ, "ನೋಡಿ, ನೋಡಿ! ಇವತ್ತಿಗೂ ಒಪ್ಪುವುದಿಲ್ಲ ಮಾರಾಯ್ರೇ!" ಎಂದರು. ಅಂದಿನ ದೊಡ್ಡ ನಗು ಅದಕ್ಕೇ ಬಂತು. ಮುಂದಿನ ಕಾರ್ಯಕ್ರಮದಿಂದ ಆ ಸಾಲೂ ಕಥೆಗೆ ಸೇರಿಕೊಂಡಿತು, ನನ್ನ ಮಾತನ್ನೂ ಅವರೇ ಇಲಿಮರಿಯ ದನಿಯಲ್ಲಿ ಹೇಳತೊಡಗಿದರು.

ಹೀಗೆ ನಾನು 'ಖಲಾಸ್' ಆದೆ. ಅಬು ಹಲೀಫಾದ ಅಂಗಡಿಯಲ್ಲಿ ತರಕಾರಿ ಆರಿಸುತ್ತಿದ್ದರೆ ಪರಿಚಯವೇ ಇಲ್ಲದ ಹೆಂಗಸರು, "ಓ, ಖಲಾಸ್ ಅಂದ್ರೆ ನೀನೇನಾ?" ಎಂದು ಗಲ್ಲ ಹಿಡಿಯುತ್ತಾರೆ. ರುಮೈಥಿಯಾದ ನೆಂಟರ ಮನೆಯಲ್ಲಿ ನನ್ನನ್ನು ನೋಡಲು ಒಂದು ಸಂಬಂಧದವರು ಬಂದಿದ್ದರು. ಹುಡುಗನ ತಾಯಿ ಚಹಾದ ಕಪ್ ಇಡುತ್ತಾ, "ಇವಳನ್ನು ಅಡುಗೆಮನೆಗೆ ಬಿಡುವ ಮೊದಲು ಯೋಚನೆ ಮಾಡ್ಬೇಕು, ಎಲ್ಲಾ ಖಲಾಸ್ ಮಾಡಿಯಾಳು!" ಎಂದರು. ಎಲ್ಲರೂ ನಕ್ಕರು. ಆ ಸಂಬಂಧ ಕೂಡಿಬರದೆ ಹೋದದ್ದು ಜಾತಕದ ಕಾರಣಕ್ಕೆ. ಅದನ್ನೂ ಸರ್ ತಲೆಗೆ ಕಟ್ಟುವುದಿಲ್ಲ.

ಆದರೆ ಅಪ್ಪನ ನಗುವನ್ನು ಕಟ್ಟುತ್ತೇನೆ. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಅಪ್ಪನ ಜೊತೆ ಕೆಲಸ ಮಾಡುವ ಊರಿನವರು ಅವರನ್ನು 'ಖಲಾಸ್‌ನ ಅಪ್ಪ' ಎಂದು ಕರೆಯತೊಡಗಿದರು. ಸಂಘದ ಸಭೆಯಲ್ಲಿ ಅಪ್ಪ ಎಲ್ಲರ ಜೊತೆ ನಗುತ್ತಿದ್ದರು. ಒಮ್ಮೆ ವಾಪಸ್ ಬರುವಾಗ ಕಾರು ಸಿಗ್ನಲಿನಲ್ಲಿ ನಿಂತಾಗ ಕೇಳಿದರು: "ಅಲ್ಲ ಮಗಾ, ನಿಜಕ್ಕೂ ನೀನು ಹೇಳಿದ್ದಲ್ವಾ? ಗಡಿಬಿಡಿಯಲ್ಲಿ ಬಾಯಿ ತಪ್ಪಿ?"

"ಅಲ್ಲಪ್ಪಾ."

"ಹೋಗಲಿ ಬಿಡು. ಅವರು ನಿನ್ನ ಅಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋದವರು."

ಸಿಗ್ನಲ್ ಬಿಟ್ಟಿತು. ನನ್ನ ಅಪ್ಪ ನನ್ನನ್ನು ನಂಬಲಿಲ್ಲ. ನಂಬದೇ ಇದ್ದರೂ ಪ್ರೀತಿಸುತ್ತಾರೆ ಎಂಬುದು ನನಗೆ ಸಮಾಧಾನ ಕೊಡಲಿಲ್ಲ. ಆ ದಿನದಿಂದ ನಾನು ಬೇಕೆಂದುಕೊಂಡದ್ದು ಒಂದೇ: ಸರ್ ಈ ಊರು ಬಿಡುವ ಮೊದಲು ಆ ಪದ ಯಾರದೆಂದು ಅಪ್ಪ ಕೂತಿರುವ ಸಭೆಗೇ ಗೊತ್ತಾಗಬೇಕು. ಅವರು ಹೋದ ಮೇಲೆ ಹೇಳಿದರೆ ಅದು ಚಾಡಿಯಾಗುತ್ತದೆ. ಅವರು ಕುರ್ಚಿಯಲ್ಲಿ ಕೂತಿರುವಾಗಲೇ ಆಗಬೇಕು. ಬಾಯಲ್ಲಿ ಹೇಳಿದರೆ ಇಲಿಮರಿಯಾಗುತ್ತದೆ, ಪ್ರಯೋಗ ಮಾಡಿ ನೋಡಿದ್ದೇನೆ. ಅಚ್ಚಾದ ಅಕ್ಷರವನ್ನು ಮೂಗಿನಲ್ಲಿ ಓದಲು ಬರುವುದಿಲ್ಲ.

ಹಾಗಿರುವಾಗ ಫಿಲೋ ಆಂಟಿಯ ಫೋನು ಬಂತು.

ಇಲ್ಲಿಯವರೆಗಿನ ಬರಹವನ್ನು ಅವರಿಗೆ ಕಳಿಸಿದ್ದೆ. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು, "ಇದು ಸತ್ಯವಾ?" ಎಂದು ಕೇಳಿದರು.

"ಸತ್ಯ ಆಂಟಿ."

"ನೂರಾ ಹೇಳ್ತಾಳಾ?"

"ಆ ಹುಡುಗಿ ಈಗಲೂ ಸಾಲ್ಮಿಯಾದಲ್ಲೇ ಇದ್ದಾಳೆ. ಈಗಲೇ ಕೇಳಿ." ಫೋನು ಹಚ್ಚಿ ಕೊಟ್ಟೆ. ಇಬ್ಬರೂ ಅರಬ್ಬಿಯಲ್ಲಿ ಮಾತಾಡಿದರು. ಆ ದಿನ ಕ್ಯಾಂಟೀನಿನ ಕೌಂಟರಿನಲ್ಲಿ ಚಹಾಕ್ಕೆ ಸಾಲಿನಲ್ಲಿ ನಿಂತಿದ್ದ ನೂರಾ ಕೂಡ ಆ ಖಲಾಸ್ ಕೇಳಿದ್ದಳು. ಡೀನ್ ಕೋಣೆಯಲ್ಲಿ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, ಆಲಂ ಭಾಯಿ ನಿಮಗೆ ಸರ್ ಎನ್ನುತ್ತಾನಾ ಎಂದು. ಮುಂದಿನದನ್ನು ಅವಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈಕುಲುಕುವುದು ನಡೆದಿತ್ತು. ಫಿಲೋ ಆಂಟಿ ಫೋನು ಇಟ್ಟು ಅಪ್ಪನ ಕಡೆ ತಿರುಗಿದರು. ಅಪ್ಪ ಪೇಪರ್ ಮಡಚಿ ಕೂತಿದ್ದರು.

"ಕೇಳಿತಾ?"

"ಕೇಳಿತು" ಎಂದರು ಅಪ್ಪ. ಪೇಪರನ್ನು ಪಕ್ಕಕ್ಕಿಟ್ಟು, "ಆದ್ರೆ ಇದನ್ನು ಹಾಕಿದ್ರೆ ನಾಳೆ ನಾವು ಅವರ ಮುಖ ನೋಡುವುದು ಹೇಗೆ?" ಎಂದರು.

ಅಮ್ಮ ಬಾಲ್ಕನಿಯಿಂದ ಖಾಲಿ ಬಕೆಟ್ ಹಿಡಿದು ಒಳಗೆ ಬರುತ್ತಿದ್ದಳು. "ಇಷ್ಟು ವರ್ಷ ನಾವು ನೋಡಿಯಾಯ್ತಲ್ಲ. ಈಗ ಅವರು ನಮ್ಮದನ್ನು ನೋಡಲಿ" ಎಂದಳು.

ಫಿಲೋ ಆಂಟಿ ಚಹಾ ಕುಡಿದು ಎದ್ದರು. "ಹೆಸರು ಹಾಕ್ಲಿಲ್ಲ ಅಲ್ವಾ, ಹಾಗಾದ್ರೆ ಯಾರಿಗೂ ತೊಂದ್ರೆ ಇಲ್ಲ. ಒಂದು ಅಕ್ಷರ ಕಡಿಮೆ ಮಾಡುವುದಿಲ್ಲ ನಾನು. ಸಂಚಿಕೆ ಪ್ರೋಗ್ರಾಮ್ ಶುರುವಾಗುವ ಮೊದಲೇ ಎಲ್ಲಾ ಕುರ್ಚಿಯ ಮೇಲೆ ಇಡಿಸ್ತೇನೆ. ಸರ್ ಕುರ್ಚಿಯ ಮೇಲೂ." ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು. "ಮತ್ತೆ ಬಾಯೆ, ದೀಪ ಹಚ್ಚುವ ಬದಲು ಗಿಡಕ್ಕೆ ನೀರು ಹಾಕಿಸಿ ಉದ್ಘಾಟನೆ ಅಂತ ಕಮಿಟಿ ಹೇಳಿದೆ. ಪರಿಸರದ ಮನುಷ್ಯ ಅಲ್ವಾ. ಒಂದು ಗಿಡ ಬೇಕಿತ್ತು."

ನಾನು ಬಾಲ್ಕನಿಯ ಕಡೆ ನೋಡಿದೆ. ಅಂದು ಶಾಲಿನಲ್ಲಿ ಸುತ್ತಿ ತಂದ ಸಿದರ್ ಅಲ್ಲಿ ದೊಡ್ಡ ಡಬ್ಬದಲ್ಲಿದೆ. ಎ.ಸಿ.ಯ ನೀರಿನಲ್ಲೇ ಬೆಳೆದದ್ದು. ಈಗ ನನ್ನ ಭುಜದೆತ್ತರ, ಮೈತುಂಬ ಮುಳ್ಳು. ಈ ಸಲ ಮೊದಲ ಬಾರಿ ಕಾಯಿ ಬಿಟ್ಟಿದೆ.

ಅದನ್ನು ನಾನೇ ತರುತ್ತೇನೆ. ಅಪ್ಪ ಕಾರಿನಲ್ಲಿ ಹಿಂದಿನ ಸೀಟು ಮಡಚಿ ಜಾಗ ಮಾಡುತ್ತೇನೆಂದಿದ್ದಾರೆ, ಅವರೇ ಹೇಳಿದ್ದು. ವೇದಿಕೆಯ ಮೇಲೆ ಎತ್ತಿ ಇಡುವವರು ದಯವಿಟ್ಟು ಜಾಗ್ರತೆ, ಮುಳ್ಳು ಚೂಪಾಗಿದೆ. ಕಾರ್ಯಕ್ರಮ ಮುಗಿದ ಮೇಲೆ ಗಿಡ ಮನೆಗೆ ವಾಪಸ್; ಯಾರಿಗೂ ಕಾಣಿಕೆ ಕೊಡುವುದಿಲ್ಲ.

ಸರ್, ನಿಮ್ಮ ಸಲಿಕೆಯನ್ನೂ ತನ್ನಿ, ಫೋಟೋ ಚೆನ್ನಾಗಿ ಬರುತ್ತದೆ. ಸ್ಟೀಲ್ ಲೋಟದಿಂದಲೇ ನೀರು ಹಾಕಿ. ಆಮೇಲೆ ಜನ ಎಂದಿನಂತೆ ಕೂಗುತ್ತಾರೆ, "ಸರ್, ಖಲಾಸ್ ಕಥೆ!" ಎಂದು. ಬೇಡ ಎನ್ನಬೇಡಿ. ಮೈಕ್ ಹಿಡಿದುಕೊಳ್ಳಿ, ನನ್ನ ದನಿಯಲ್ಲಿ ಶುರು ಮಾಡಿ. ಎಲ್ಲರ ತೊಡೆಯ ಮೇಲೂ ಈ ಪುಟ ತೆರೆದಿರುತ್ತದೆ. ನಾನು ಮುಂದಿನ ಸಾಲಿನಲ್ಲಿ ಅಪ್ಪನ ಪಕ್ಕ ಕೂತಿರುತ್ತೇನೆ.

ಹೇಳಿ ಸರ್.